ನಮ್ಮ ಮನೆಯ ಕರೆಂಟ್ ಬೋನು

ಹಳೇ ಮನೆ ಕೆಡವುವ ಮುಂಚೆ ಆ ಮನೆಯ ಇಲಿಗಳ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಜೆಸಿಬಿ ಬಂದು ಹೆಂಚು, ತೊಲೆ, ಗೋಡೆ ಎಲ್ಲವನ್ನೂ ಎಳೆದು ಹಾಕುತ್ತದೆ. ಅಟ್ಟದಲ್ಲಿ, ಸೌದೆ ಕೋಣೆಯಲ್ಲಿ, ಬಚ್ಚಲ ಮೋರಿಯಲ್ಲಿ ವರ್ಷಗಳಿಂದ ಇದ್ದ ಇಲಿಗಳು ಕಾಂಪೌಂಡು ದಾಟಿ ಪಕ್ಕದ ಮನೆಗೆ ಬರುತ್ತವೆ. ಬೆಂಗಳೂರಿನ ಹನುಮಂತನಗರದ ನಮ್ಮ ರಸ್ತೆಯಲ್ಲಿ ಒಂದಾದ ಮೇಲೊಂದು ಹಳೇ ಮನೆ ಹೋಗಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿದೆ. ಈ ಸಲ ನಮ್ಮ ಎಡಗಡೆ ಮನೆ ಹೋಯಿತು. ಕಡಲೆಕಾಯಿ ಪರಿಷೆ ಮುಗಿದ ಹೊಸತು ಬೇರೆ. ಕಾರ್ತಿಕದ ಕೊನೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಹತ್ತಿರ ಸೇರುಗಟ್ಟಲೆ ಕಡಲೆಕಾಯಿ ತಂದು ಸಾಮಾನಿನ ಕೋಣೆಯಲ್ಲಿ ಇಡುವುದು ನಮ್ಮ ಮನೆಯಲ್ಲಿ ಮೊದಲಿಂದ ಇರುವ ಅಭ್ಯಾಸ. ಗ್ಯಾಸ್ ಒಲೆಯ ಹಿಂದೆ ಕಡಲೆಕಾಯಿ ಸಿಪ್ಪೆ ಸಿಕ್ಕಿತು. ಅಕ್ಕಿ ಡಬ್ಬಿಯ ಪಕ್ಕ ಅಕ್ಕಿ ಕಾಳಿನಷ್ಟೇ ಉದ್ದದ ಕಪ್ಪು ಹಿಕ್ಕೆ. ವಾಷಿಂಗ್ ಮಷೀನಿನ ವೈರಿನ ಮೇಲೆ ಹಲ್ಲಿನ ಗುರುತು.

ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಟ್ರೇಡ್ ಕಲಿಸುತ್ತಿದ್ದವಳು. ಈಗ ನಿವೃತ್ತಿಯಾಗಿದೆ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಗೆ ಅಂಬೆಗಾಲಿಡುವ ಮಗು ಇದೆ. "ಆಂಟಿ, ನೀವು ತಂದಿರೋ ಆ ಬ್ಯಾಟ್ರಿ ಬೋನು ನಿಜವಾಗ್ಲೂ ಕೆಲಸ ಮಾಡುತ್ತಾ?" ಅಂತ ಅವಳು ಕೇಳಿದಳು. ಬ್ಯಾಟರಿಯ ಕರೆಂಟಿನಿಂದ ಇಲಿಯನ್ನು ಕೊಲ್ಲುವ ಬೋನು ಅದು. ಕೆಲಸ ಮಾಡುತ್ತದೆ. ಆದರೆ ಹೇಗೆ, ಯಾವಾಗ ಅನ್ನುವುದು ಗೊತ್ತಿರಬೇಕು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬಂದಿರುವುದು ಯಾವುದು ಎಂದು ನೋಡಿಕೊಳ್ಳಿ. ಮನೆಯೊಳಗಿನ ಸಣ್ಣ ಇಲಿ ಸುಮಾರು 20 ಗ್ರಾಂ ತೂಗುತ್ತದೆ. ಹಿಕ್ಕೆಯ ಎರಡೂ ತುದಿ ಚೂಪಾಗಿರುತ್ತದೆ. ದೊಡ್ಡ ಇಲಿಯದಾದರೆ ಹಿಕ್ಕೆ ಇದರ ಎರಡರಷ್ಟು ಉದ್ದ. ಹೆಗ್ಗಣ ಸಾಮಾನ್ಯವಾಗಿ ಮೋರಿ, ಚರಂಡಿ ಬಿಟ್ಟು ಒಳಗೆ ಬರುವುದು ಕಡಿಮೆ, ಅದು ಅಂಗಳದ ಮಣ್ಣು ತೋಡುತ್ತದೆ. ಇನ್ನೊಂದು ಇದೆ, ಉದ್ದ ಮೂತಿಯ, ಕಟುವಾದ ವಾಸನೆಯ ಸೊಂಡಿಲಿ. ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳು ತಿಂದು ಬದುಕುವ ಪ್ರಾಣಿ. ರಾತ್ರಿ ಗೋಡೆ ಪಕ್ಕ ಚೀಂ ಚೀಂ ಅನ್ನುತ್ತಾ ಓಡುವುದು ಅದೇ. ಅದು ಅಕ್ಕಿಗೆ, ವೈರಿಗೆ ಬಾಯಿ ಹಾಕುವುದಿಲ್ಲ. ನಾನು ಅದನ್ನು ಬಾಗಿಲು ತೆಗೆದು ಹೊರಗೆ ಅಟ್ಟುತ್ತೇನೆ, ಕೊಲ್ಲುವುದಿಲ್ಲ.

ಸಣ್ಣ ಇಲಿಗಳನ್ನು ಮಾತ್ರ ಹಾಗೇ ಇರಲು ಬಿಟ್ಟರೆ ಕಷ್ಟ. ಬಸುರಿ ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಐದಾರು. ಆ ಮರಿಗಳು ಒಂದೂವರೆ ತಿಂಗಳಿಗೆಲ್ಲ ತಾವೇ ಮರಿ ಹಾಕಲು ತಯಾರು. "ಒಂದೇ ಇಲಿ ತಾನೆ, ಹೋಗುತ್ತೆ ಬಿಡಿ" ಅನ್ನುವವರು ಈ ಲೆಕ್ಕ ಹಾಕಿ ನೋಡಬೇಕು.

ನಮ್ಮ ಅತ್ತೆಗೆ ಇಲಿ ಕೊಲ್ಲುವುದು ಮನಸ್ಸಿಗೆ ಒಪ್ಪುವುದಿಲ್ಲ. ಗಣಪನ ವಾಹನ. ಚೌತಿ ದಿನ ಗಣಪನ ಕಾಲ ಬಳಿಯ ಮಣ್ಣಿನ ಇಲಿಗೂ ಒಂದು ಎಸಳು ಹೂವು ಇಡುವವರು ಅವರು. ಆ ಭಾವನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಿಂದೆ ಬೀದಿ ಕೊನೆಯ ಅಂಗಡಿಯಲ್ಲಿ ಗಮ್ ಪ್ಯಾಡಿಗೆ ಅಂಟಿಕೊಂಡ ಇಲಿಯನ್ನು ಅವರು ನೋಡಿದ್ದರು. ಅಂದು ಮನೆಗೆ ಬಂದು ಊಟ ಮಾಡಲಿಲ್ಲ. "ಸಾಯ್ಸ್ಲೇಬೇಕು ಅಂದ್ರೆ ಒಂದೇ ಏಟಿಗೆ ಸಾಯ್ಲಿ ಕಣೇ. ಹೀಗೆ ಗೋಳಾಡಿಸ್ಬಾರ್ದು" ಅಂದರು. ನಾನು ಬೋನು ಆರಿಸಿದ್ದು ಆ ಒಂದು ಮಾತಿನ ಮೇಲೆ.

ಗಮ್ ಪ್ಯಾಡಿನ ವಿಷಯ ಸ್ವಲ್ಪ ಹೇಳಲೇಬೇಕು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಅದಕ್ಕೇ ಜನ ತರುತ್ತಾರೆ. ಅಂಟಿಕೊಂಡ ಇಲಿ ತಕ್ಷಣ ಸಾಯುವುದಿಲ್ಲ. ಬಿಡಿಸಿಕೊಳ್ಳಲು ಹೋಗಿ ಚರ್ಮ ಕಿತ್ತುಕೊಳ್ಳುತ್ತದೆ, ಕಾಲು ಮುರಿದುಕೊಳ್ಳುತ್ತದೆ. ಮೂಗು ಅಂಟಿದರೆ ಉಸಿರು ಕಟ್ಟುತ್ತದೆ. ಇಲ್ಲದಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಹಸಿವು ಬಾಯಾರಿಕೆಯಲ್ಲಿ ಒದ್ದಾಡಿ ಸಾಯುತ್ತದೆ. ಎಷ್ಟೋ ಮನೆಯಲ್ಲಿ ಅದನ್ನು ಜೀವಂತವಾಗಿಯೇ ಮಡಚಿ ಕಸಕ್ಕೆ ಹಾಕುತ್ತಾರೆ. ಹಲ್ಲಿ, ಓತಿಕ್ಯಾತ, ಗುಬ್ಬಿಮರಿ ಕೂಡ ಅಂಟಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಈ ಅಂಟು ಬೋನುಗಳನ್ನು ತಡೆಯಿರಿ ಎಂದು ರಾಜ್ಯಗಳಿಗೆ ಬರೆದಿದೆ. ನಮ್ಮಲ್ಲಿ 1960ರಿಂದಲೇ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾನೂನು ಇದೆ. ದಯವಿಟ್ಟು ಗಮ್ ಪ್ಯಾಡ್ ತರಬೇಡಿ. ಇದೊಂದು ಕೇಳಿಕೊಂಡು ಉಳಿದದ್ದು ನಿಮಗೆ ಬಿಟ್ಟಿದ್ದು.

ಪಾಷಾಣ ನಮ್ಮ ಮನೆಯಲ್ಲಿ ಇಡುವ ಮಾತೇ ಇಲ್ಲ. ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿ ಹಳದಿ ರಂಜಕ ಇರುತ್ತದೆ. ಅದು ಮನುಷ್ಯನ ಹೊಟ್ಟೆಗೆ ಹೋದರೆ ಲಿವರ್ ಹಾಳಾಗುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಮಗು ಇರುವ ಮನೆಗೆ ಅದು ಬರಬಾರದು. ಬಿಸ್ಕತ್ತಿನಂಥ ಕೇಕು ಬೇರೆ ಬಗೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ತಿಂದ ಮೇಲೆ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಅಟ್ಟದ ಮೂಲೆಯಲ್ಲೋ ಬೀರುವಿನ ಹಿಂದೆಯೋ ಸೇರಿಕೊಂಡಿರುತ್ತದೆ. ಆಮೇಲೆ ವಾಸನೆ ಹಿಡಿದು ಹುಡುಕಬೇಕು. ಹೊರಗೆ ಹೋಗಿ ಸತ್ತರೆ ಬೆಕ್ಕೋ ಗೂಬೆಯೋ ತಿಂದು, ವಿಷ ಅವಕ್ಕೂ ಹೋಗುತ್ತದೆ. ನಮ್ಮ ರಸ್ತೆಯ ಮಳೆಮರದಲ್ಲಿ ಒಂದು ಜೋಡಿ ಗೂಬೆ ಇವೆ. ಇಲಿ ಹಿಡಿಯುವುದರಲ್ಲಿ ನಮಗಿಂತ ಅವೇ ಮುಂದೆ. ಅವಕ್ಕೆ ವಿಷ ತಿನ್ನಿಸುವುದು ಯಾವ ನ್ಯಾಯ?

ಕಬ್ಬಿಣದ ತಂತಿ ಬೋನು ಅತ್ತೆಗೆ ಇಷ್ಟ. ಸುಟ್ಟ ಕೊಬ್ಬರಿ ಚೂರೋ ಮಸಾಲೆ ವಡೆ ತುಂಡೋ ಸಿಕ್ಕಿಸಿದರೆ ಇಲಿ ಬೀಳುತ್ತದೆ, ಅನುಮಾನ ಇಲ್ಲ. ಮುಂದೇನು? ಬೆಂಗಳೂರಿನಲ್ಲಿ ಅದನ್ನು ಬಿಡುವುದು ಯಾವುದೋ ಖಾಲಿ ಸೈಟಿನಲ್ಲಿ, ಅಂದರೆ ಇನ್ನೊಬ್ಬರ ಮನೆ ಪಕ್ಕ. ಮನೆ ಇಲಿ ಮನುಷ್ಯರ ಜೊತೆಯೇ ಬದುಕುವ ಪ್ರಾಣಿ. ಗುರುತಿಲ್ಲದ ಬಯಲಿನಲ್ಲಿ ಬಿಟ್ಟರೆ ಅದಕ್ಕೆ ಗೂಡಿಲ್ಲ, ದಾರಿ ಗೊತ್ತಿಲ್ಲ. ರಾತ್ರಿಯೆಲ್ಲ ಬೋನಿನಲ್ಲಿ ಹೆದರಿ ಕೂತದ್ದನ್ನು ಬೆಳಗ್ಗೆ ಕಾಗೆಗಳ ಮಧ್ಯೆ ಬಿಟ್ಟು ಬಂದು ಕೊಂದಿಲ್ಲ ಅಂದುಕೊಳ್ಳುವುದು ನನಗೆ ಒಪ್ಪಿಗೆ ಆಗಲಿಲ್ಲ.

ಪ್ಲಗ್ಗಿಗೆ ಹಾಕಿದರೆ ಇಲಿ ಓಡಿಹೋಗುತ್ತದೆ ಎನ್ನುವ ಶಬ್ದದ ಯಂತ್ರಗಳ ಬಗ್ಗೆ ಎರಡೇ ಮಾತು. ಆ ಶಬ್ದ ಗೋಡೆ, ಬೀರು, ಮೂಟೆ ದಾಟುವುದಿಲ್ಲ, ಮತ್ತು ಇಲಿ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥವನ್ನು ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು.

ಈಗ ಕರೆಂಟ್ ಬೋನಿಗೆ ಬರುತ್ತೇನೆ. ನೋಡಲು ಒಂದು ಪ್ಲಾಸ್ಟಿಕ್ ಡಬ್ಬಿ. ಒಂದು ತುದಿಯಲ್ಲಿ ಇಲಿ ನುಗ್ಗುವಷ್ಟು ಬಾಯಿ. ಒಳಗೆ ನೆಲದ ಮೇಲೆ ಲೋಹದ ಪಟ್ಟಿಗಳು, ಮಧ್ಯೆ ಅಡ್ಡಗೋಡೆ. ಕೊನೆಯಲ್ಲಿ ತಿಂಡಿ ಇಡುವ ಜಾಗ. ಅಡ್ಡಗೋಡೆ ಇರುವುದರಿಂದ ಇಲಿ ನೇರವಾಗಿ ಓಡಲು ಆಗುವುದಿಲ್ಲ, ಪಟ್ಟಿಗಳ ಮೇಲೆ ಕಾಲಿಟ್ಟೇ ತಿಂಡಿಯ ಕಡೆ ತಿರುಗಬೇಕು.

ಸರ್ಕ್ಯೂಟ್ ನನಗೆ ತುಂಬ ಇಷ್ಟವಾಯಿತು. ನಾಲ್ಕು ಸೆಲ್ ಸೇರಿ 6 ವೋಲ್ಟ್. ಬೋನು ಸುಮ್ಮನೆ ಇರುವಾಗ ಪಟ್ಟಿಗಳ ಮೇಲೆ ಅಪಾಯದ ವೋಲ್ಟೇಜು ಇರುವುದಿಲ್ಲ. ಒಂದು ಸಣ್ಣ ಭಾಗ ಮಾತ್ರ ಕಾಯುತ್ತಿರುತ್ತದೆ. ಇಲಿಯ ಒಂದು ಕಾಲು ಈ ಪಟ್ಟಿಯ ಮೇಲೆ, ಇನ್ನೊಂದು ಆ ಪಟ್ಟಿಯ ಮೇಲೆ ಬಿದ್ದಾಗ ಎರಡರ ಮಧ್ಯೆ ಅದರ ಮೈ ಸೇರಿಕೊಳ್ಳುತ್ತದೆ, ಕರೆಂಟಿಗೆ ಇದ್ದ ತಡೆ, ಅಂದರೆ ಪ್ರತಿರೋಧ, ಕುಸಿಯುತ್ತದೆ. ಅದು ಗೊತ್ತಾದ ತಕ್ಷಣ ಟ್ರಾನ್ಸಿಸ್ಟರು ಸೆಲ್ಲಿನ ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡುತ್ತದೆ, ಪುಟ್ಟ ಟ್ರಾನ್ಸ್‌ಫಾರ್ಮರು ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಬೆಂಗಳೂರಿನ ಪ್ರತಿ ಮನೆಯಲ್ಲೂ ಇರುವ ಸೊಳ್ಳೆ ಬ್ಯಾಟಿನ ಒಳಗೂ ಹೆಚ್ಚು ಕಡಿಮೆ ಇದೇ ಕೆಲಸ ನಡೆಯುತ್ತದೆ. ವ್ಯತ್ಯಾಸ ಏನೆಂದರೆ ಬ್ಯಾಟು ಒಂದು ಕಿಡಿ ಕೊಟ್ಟು ಮುಗಿಸುತ್ತದೆ. ಬೋನು ಬಿಡದೆ ಹೊಡೆತ ಕೊಡುತ್ತಾ ಹೋಗುತ್ತದೆ. ಕರೆಂಟು ಕಾಲಿನಿಂದ ಕಾಲಿಗೆ ಹರಿಯುವಾಗ ಎದೆ ದಾಟಿ ಹೋಗುತ್ತದೆ, ಹೃದಯ ನಿಲ್ಲುತ್ತದೆ. ಆಮೇಲೆ ದೀಪ ಮಿನುಗುತ್ತದೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಮುಚ್ಚಳ ತೆಗೆದರೆ ಸರ್ಕ್ಯೂಟ್ ಕಡಿದುಹೋಗುವ ಹಾಗೆ ಒಳ್ಳೆಯ ಬೋನುಗಳಲ್ಲಿ ಒಂದು ಸ್ವಿಚ್ ಇರುತ್ತದೆ. ಕೊಳ್ಳುವಾಗ ನಾನು ಮೊದಲು ನೋಡಿದ್ದು ಅದನ್ನೇ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇಂಥ ಹೊತ್ತಿನಲ್ಲಿ ಬೇಕಾದಷ್ಟು ಕರೆಂಟು ಕೊಡಲಾರದು. ರೀಚಾರ್ಜ್ ಸೆಲ್ ಒಂದೊಂದು 1.2 ವೋಲ್ಟ್, ನಾಲ್ಕು ಸೇರಿ 4.8 ಆಗುತ್ತದೆ. ಬೋನು ಕೇಳುವುದು 6. ಅಲ್ಕಲೈನ್ ಸೆಲ್ಲೇ ಹಾಕಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ, ಹಳೇದು ಹೊಸದು ಬೆರೆಸಬೇಡಿ. ಇದು ದುಡ್ಡಿನ ಮಾತಲ್ಲ. ಸೆಲ್ ಸೊರಗಿದ್ದರೆ ಇಲಿ ಸಾಯುವುದಿಲ್ಲ, ಹೊಡೆತ ತಿಂದು ನೋವಿನಲ್ಲಿ ಓಡಿಹೋಗುತ್ತದೆ. ಒಂದೇ ಏಟಿಗೆ ಸಾಯಲಿ ಎಂದು ಈ ಬೋನು ತಂದವರು ಅದನ್ನು ಆಗಗೊಡಬಾರದು. ಬ್ಯಾಟರಿ ದೀಪ ಮಂಕಾದ ದಿನವೇ ನಾನು ಸೆಲ್ ಬದಲಾಯಿಸುತ್ತೇನೆ. ಇದೇ ಕಾರಣಕ್ಕೆ ಸಣ್ಣ ಇಲಿಯ ಬೋನನ್ನು ದೊಡ್ಡ ಇಲಿಗೆ ಇಡಬಾರದು. ದೊಡ್ಡದಕ್ಕೆ ಬೇರೆ ಅಳತೆಯ ಬೋನೇ ಇದೆ, ಅದರ ಸೆಲ್ಲೂ ದೊಡ್ಡದು.

ಇನ್ನು ಒಂದು ಮಾತನ್ನು ಮೇಷ್ಟ್ರಮ್ಮನ ದನಿಯಲ್ಲೇ ಹೇಳುತ್ತೇನೆ. ವಿಡಿಯೋ ನೋಡಿ ಮನೆ ಕರೆಂಟಿನಿಂದ ಇಂಥ ಬೋನು ಮಾಡಲು ಹೋಗಬೇಡಿ. ಬ್ಯಾಟರಿ ಬೋನಿನಲ್ಲಿ ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಹಿಂದಿರುವ ಶಕ್ತಿ ನಾಲ್ಕು ಪುಟ್ಟ ಸೆಲ್ಲಿನದು. ವೋಲ್ಟೇಜು ಏರಿದಷ್ಟೂ ಕರೆಂಟು ಇಳಿಯುತ್ತದೆ. ಮನೆಯ 230 ವೋಲ್ಟಿನ ಹಿಂದೆ ಇಡೀ ಬೀದಿಯ ಟ್ರಾನ್ಸ್‌ಫಾರ್ಮರ್ ಇದೆ. ಅದರ ಬೆತ್ತಲೆ ತಂತಿ ಹಾಕಿದರೆ ಇಲಿ ಸಾಯುವ ಮುಂಚೆ ಮನುಷ್ಯ ಸಾಯುತ್ತಾನೆ. ಹೊಲದಲ್ಲಿ ಇಲಿಗೆ, ಹಂದಿಗೆ ಅಂತ ಹಾಕಿದ ಕರೆಂಟ್ ತಂತಿಗೆ ಜನ ಬಲಿಯಾದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ, ಅಲ್ವಾ? ನನ್ನ ವಿದ್ಯಾರ್ಥಿಗಳಿಗೂ ಇದನ್ನು ಪ್ರತಿ ಬ್ಯಾಚಿನಲ್ಲಿ ಹೇಳುತ್ತಿದ್ದೆ.

ಬೋನು ಎಲ್ಲಿ ಇಡಬೇಕು ಅನ್ನುವುದರ ಮೇಲೇ ಎಲ್ಲ ನಿಂತಿದೆ. ಇಲಿ ಕೋಣೆಯ ನಡುವೆ ಓಡಾಡುವುದಿಲ್ಲ. ಗೋಡೆಗೆ ಮೈ ತಾಗಿಸಿಕೊಂಡು, ಮೀಸೆಯಿಂದ ಸವರುತ್ತಾ ಹೋಗುತ್ತದೆ. ಅದರ ಓಡಾಟವೂ ಗೂಡಿನಿಂದ ಕೆಲವೇ ಮೀಟರಿನ ಒಳಗೆ. ದಾರಿ ಹುಡುಕಲು ನಾನು ಮಾಡಿದ ಕೆಲಸ ಇಷ್ಟೇ: ರಾತ್ರಿ ಮಲಗುವ ಮುಂಚೆ ರಂಗೋಲಿ ಪುಡಿಯನ್ನು ಗೋಡೆ ಅಂಚಿನಲ್ಲಿ ತೆಳ್ಳಗೆ ಉದುರಿಸಿದೆ. ಹಿಟ್ಟು ಹಾಕಿದರೆ ಅದನ್ನೇ ತಿನ್ನುತ್ತವೆ. ರಂಗೋಲಿ ಪುಡಿ ತಿನ್ನುವುದಿಲ್ಲ, ಹೆಜ್ಜೆ ಮಾತ್ರ ಮೂಡುತ್ತದೆ. ಬೆಳಗ್ಗೆ ನೋಡಿದರೆ ಸಾಮಾನಿನ ಕೋಣೆಯಿಂದ ಫ್ರಿಜ್ಜಿನ ಹಿಂದಿನವರೆಗೆ ಪುಟ್ಟ ಹೆಜ್ಜೆಗಳ ಸಾಲು, ಮಧ್ಯೆ ಬಾಲ ಎಳೆದ ಗೆರೆ. ದೇವರ ಮನೆ ಕಡೆ ಒಂದೂ ಇಲ್ಲ. ಅತ್ತೆ ಬಗ್ಗಿ ನೋಡಿ, ಆ ಸಾಲನ್ನು ಕೋಲಿನ ತುದಿಯಲ್ಲಿ ತೋರಿಸುತ್ತಾ ಹೋದರು. ಬೋನಿನ ಜಾಗ ಹೇಳಿದ್ದು ಅವರೇ, ಫ್ರಿಜ್ಜಿನ ಹಿಂದಿನ ಮೂಲೆ.

ಬೋನನ್ನು ಗೋಡೆಗೆ ಅಂಟಿಸಿ, ಬಾಯಿ ಇಲಿ ಬರುವ ದಾರಿಗೆ ಸಿಗುವ ಹಾಗೆ ಇಟ್ಟೆವು. ತಿಂಡಿಗೆ ಹುರಿದ ಕಡಲೆಬೀಜ ಅರೆದ ಪೇಸ್ಟು, ಕಾಳಿನಷ್ಟೇ. ಜಾಸ್ತಿ ಇಟ್ಟರೆ ಎರಡು ತೊಂದರೆ. ಇಲಿ ದೂರದಿಂದಲೇ ನೆಕ್ಕಿ ಹೋಗಬಹುದು, ಅಥವಾ ಎಣ್ಣೆ ಜಿಡ್ಡು ಪಟ್ಟಿಗಳಿಗೆ ತಾಗಿ ಬೋನು ಸರಿಯಾಗಿ ಕೆಲಸ ಮಾಡದೆ ಇರಬಹುದು. ಮನೆತುಂಬ ತಿನ್ನಲು ಇದ್ದರೆ ಇಲಿ ನಿಮ್ಮ ಪೇಸ್ಟಿಗೆ ಬರುವುದಿಲ್ಲ. ಆ ರಾತ್ರಿ ಕಡಲೆಕಾಯಿಯೆಲ್ಲ ಸ್ಟೀಲ್ ಡಬ್ಬಕ್ಕೆ ಹೋಯಿತು, ಕಸದ ಬುಟ್ಟಿ ಹೊರಗೆ ಹೋಯಿತು, ಒಲೆ ಕಟ್ಟೆ ಒರೆಸಿದ್ದಾಯಿತು. ಗೂಡು ಕಟ್ಟುವ ಕಾಲದಲ್ಲಿ ಇಲಿಗೆ ತಿಂಡಿಗಿಂತ ಹತ್ತಿ ಚೂರಿನ ಮೇಲೆ ಆಸೆ. ಒಂದು ಎಳೆ ಬತ್ತಿ ಇಟ್ಟರೂ ಅದು ಬರುತ್ತದೆ.

ಮೊದಲ ರಾತ್ರಿ ಬೋನು ಆನ್ ಮಾಡದೆ ಇಟ್ಟೆವು. ಒಳಗೆ ಹೋಗಿ ತಿಂದು ಬರಲಿ, ಹೆದರಿಕೆ ಹೋಗಲಿ ಅಂತ. ಸಣ್ಣ ಇಲಿಗೆ ಹೊಸ ವಸ್ತು ಕಂಡರೆ ಕುತೂಹಲ, ಬೇಗ ಮೂಸಿ ನೋಡುತ್ತದೆ. ದೊಡ್ಡ ಇಲಿ ಹಾಗಲ್ಲ, ಹೊಸದನ್ನು ಕಂಡರೆ ದಿನಗಟ್ಟಲೆ ದೂರ ಇರುತ್ತದೆ. ದೊಡ್ಡದಕ್ಕೆ ಇಟ್ಟವರು ತಾಳ್ಮೆ ಇಟ್ಟುಕೊಳ್ಳಬೇಕು. ಸ್ವಿಚ್ ಹಾಕಿದ ರಾತ್ರಿ ನಮಗೆ ಯಾವ ಸದ್ದೂ ಕೇಳಲಿಲ್ಲ. ಬೆಳಗ್ಗೆ ಹಾಲು ತೆಗೆಯಲು ಹೋದಾಗ ಫ್ರಿಜ್ಜಿನ ಹಿಂದೆ ದೀಪ ಮಿನುಗುತ್ತಿತ್ತು. ಅತ್ತೆ "ಒದ್ದಾಡ್ತಾ?" ಅಂತ ಮೊದಲು ಕೇಳಿದರು. ಇಲ್ಲ ಅಂದೆ. ಕೈಮುಗಿದು ಸ್ನಾನಕ್ಕೆ ಹೋದರು.

ಬಚ್ಚಲ ಹತ್ತಿರ, ಸಿಂಕಿನ ಕೆಳಗೆ ಒದ್ದೆ ಇರುವ ಕಡೆ ಇದನ್ನು ಇಡಬೇಡಿ. ಪಟ್ಟಿಯ ಮೇಲೆ ತೇವ ಕೂತರೆ ಇಲಿ ಇಲ್ಲದೆಯೇ ಬೋನು ಹೊಡೆಯುತ್ತದೆ, ಸೆಲ್ ಖಾಲಿಯಾಗುತ್ತದೆ. ಮಳೆಗಾಲದಲ್ಲಿ ಚರಂಡಿ ತುಂಬಿ ಇಲಿಗಳು ಮೇಲೆ ಹತ್ತುವ ಕಾಲಕ್ಕೇ ನಮ್ಮ ನೆಲಮನೆಯ ಗೋಡೆಗಳೂ ಒದ್ದೆ. ಆಗ ನಾನು ಬೋನನ್ನು ಅಟ್ಟದ ಒಣ ಮೂಲೆಗೆ ಸಾಗಿಸುತ್ತೇನೆ. ಪ್ರತಿ ಸಲವೂ ಆಫ್ ಮಾಡಿ, ಸೆಲ್ ತೆಗೆದು, ಪಟ್ಟಿಗಳನ್ನು ಒಣ ಬ್ರಷ್ಷಿನಲ್ಲಿ ಉಜ್ಜಬೇಕು. ನೀರಿನ ಕೆಳಗೆ ಹಿಡಿಯಬಾರದು.

ಸತ್ತ ಇಲಿಯನ್ನು ಬೋನಿನಲ್ಲೇ ಬಿಡಬೇಡಿ. ಇದನ್ನು ನಮ್ಮ ಕಡೆಯವರಿಗೆ ಹೇಳಲು ಒಂದು ಕಾರಣ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದರು. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಬೇರೆ ಜೀವ ಹುಡುಕಿಕೊಂಡು ಹೊರಡುತ್ತದೆ. ಈಗ ಇಲ್ಲಿ ಪ್ಲೇಗ್ ಭಯ ಇಲ್ಲ, ಆದರೆ ಚಿಗಟ ಈಗಲೂ ಹಾಗೇ ಮಾಡುತ್ತದೆ. ದೀಪ ಮಿನುಗಿದ್ದು ಕಂಡ ತಕ್ಷಣ ಗ್ಲೌಸ್ ಹಾಕಿಕೊಂಡು, ಬೋನನ್ನು ಆಫ್ ಮಾಡಿ, ಇಲಿಯನ್ನು ಕವರಿನೊಳಗೆ ಸುರಿಯಿರಿ. ಕೈಯಲ್ಲಿ ಮುಟ್ಟುವ ಪ್ರಮೇಯವೇ ಇರುವುದಿಲ್ಲ, ಈ ಬೋನಿನ ದೊಡ್ಡ ಅನುಕೂಲ ಅದು. ನಾವು ಹಿತ್ತಲ ಸೀಬೆ ಮರದ ಹತ್ತಿರ ಆಳವಾಗಿ ಹೂಳುತ್ತೇವೆ. ಮಣ್ಣಿಲ್ಲದ ಫ್ಲಾಟಿನವರು ಎರಡು ಕವರಿನಲ್ಲಿ ಕಟ್ಟಿ, ಪೌರಕಾರ್ಮಿಕರಿಗೆ ಒಳಗೇನಿದೆ ಎಂದು ಹೇಳಿ ಕೊಡಿ. ಅವರು ಗೊತ್ತಿಲ್ಲದೆ ಕೈ ಹಾಕುವ ಹಾಗೆ ಆಗಬಾರದು.

ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಏಳುತ್ತದೆ. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಪೇಪರಿನಲ್ಲಿ ಒರೆಸಿ ತೆಗೆಯಿರಿ. ಇಲಿ ಜ್ವರ ಬರುವುದು ಇಲಿಯ ಮೂತ್ರದಿಂದ. ಕಾಲಿನಲ್ಲೋ ಕೈಯಲ್ಲೋ ಗಾಯ ಇದ್ದರೆ ಆ ಕೆಲಸ ಬೇರೆಯವರಿಗೆ ಕೊಡಿ.

ಬೋನು ಒಳಗಿದ್ದ ಇಲಿಯನ್ನು ಮಾತ್ರ ಮುಗಿಸುತ್ತದೆ. ಹೊರಗಿನದು ಬರುತ್ತಲೇ ಇದ್ದರೆ ನೀವು ಕೊಲ್ಲುತ್ತಲೇ ಇರಬೇಕು, ಅದು ನನಗೂ ಬೇಡ, ಅತ್ತೆಗೂ ಬೇಡ. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ಹೋದರೆ ಇಲಿಯೂ ಹೋಗುತ್ತದೆ. ನಾನು ಪೆನ್ಸಿಲ್ ಹಿಡಿದುಕೊಂಡೇ ಮನೆ ಸುತ್ತಿದೆ. ಗ್ಯಾಸ್ ಪೈಪಿನ ತೂತು, ಎಸಿ ಪೈಪಿನ ತೂತು, ಇಂಟರ್ನೆಟ್ ಕೇಬಲ್ಲಿನವರು ಕೊರೆದು ಹಾಗೇ ಬಿಟ್ಟು ಹೋದ ತೂತು, ಹಿಂದಿನ ಬಾಗಿಲ ಕೆಳಗಿನ ಸಂದು. ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿದೆವು. ಬರೀ ಫೋಮು, ಬಟ್ಟೆ ತುರುಕಿದರೆ ಕಡಿದು ಹಾಕುತ್ತವೆ. ಮೋರಿ ಬಾಯಿಗೆ ಕಬ್ಬಿಣದ ಜಾಲರಿ, ಬಾಗಿಲ ಅಡಿಗೆ ತಗಡಿನ ಪಟ್ಟಿ. ಇವೆಲ್ಲ ಆದ ಮೇಲೆ ಬೋನಿನ ದೀಪ ಮಿನುಗುವುದು ಅಪರೂಪವಾಯಿತು.

ಎಡಗಡೆ ಸೈಟಿನಲ್ಲಿ ಈಗ ಪಾಯ ತೋಡುತ್ತಿದ್ದಾರೆ. ಹಳೇ ಮನೆಯ ಮೋರಿ ಪೈಪು ನಮ್ಮ ಕಾಂಪೌಂಡಿನ ಬುಡದಲ್ಲಿ ಬಾಯಿ ತೆರೆದುಕೊಂಡೇ ಇತ್ತು. ಮೇಸ್ತ್ರಿಗೆ ತೋರಿಸಿದೆ. "ಇವತ್ತೇ ಮುಚ್ಚಿಸ್ತೀನಿ ಅಮ್ಮಾ, ನಮ್ ಶೆಡ್ಡಲ್ಲೂ ರಾತ್ರಿ ಮಲಗಕ್ಕೆ ಬಿಡ್ತಿಲ್ಲ" ಅಂದರು. ಕೂಲಿಯವರ ಮಕ್ಕಳು ಆ ಶೆಡ್ಡಿನ ನೆಲದ ಮೇಲೇ ಮಲಗುತ್ತಾರೆ. ಒಂದು ಬೋನು ಅಲ್ಲಿಗೆ ಕೊಟ್ಟೆ, ಒಣ ಜಾಗ ನೋಡಿ ಮಕ್ಕಳ ಕೈಗೆ ಸಿಗದಂತೆ ಇಡುವುದು ಹೇಗೆಂದು ತೋರಿಸಿ ಬಂದೆ. ಎದುರು ಮನೆಯವರೂ ಯುಗಾದಿ ಆದ ಮೇಲೆ ಕೆಡವುತ್ತಾರಂತೆ. ಮನೆ ಖಾಲಿ ಮಾಡುವ ಮುಂಚೆಯೇ, ಅಡುಗೆಮನೆಯಲ್ಲಿ ಇನ್ನೂ ಕಾಳುಕಡ್ಡಿ ಇರುವಾಗಲೇ ಬೋನು ಇಟ್ಟರೆ ಇಲಿಗಳು ಅಲ್ಲೇ ಸಿಗುತ್ತವೆ, ಆಮೇಲೆ ಜೆಸಿಬಿ ಬಂದಾಗ ಬೀದಿಗೆಲ್ಲ ಚೆದುರುವುದಿಲ್ಲ ಎಂದು ಹೇಳಿದೆ. ಅವರು ಒಪ್ಪಿದ್ದಾರೆ. ಮೇಲಿನ ಮನೆ ಹುಡುಗಿ ತನ್ನ ಬೋನನ್ನೂ ಆಗ ಕೊಡುತ್ತೇನೆ ಅಂದಿದ್ದಾಳೆ. ಎರಡಕ್ಕೂ ಹೊಸ ಸೆಲ್ ತಂದಿಟ್ಟಿದ್ದೇನೆ.